ಯಂತ್ರ ಹೊಸದು, ಗುಂಟೆ ಹಳೆಯದು

1957ನೆಯ ಇಸವಿಯ ಏಪ್ರಿಲ್ 1ರಂದು ಭಾರತದ ರೂಪಾಯಿ ತನ್ನ ಹಳೆಯ ಸಂಸಾರವನ್ನು ತೊರೆದು ಹೊಸದೊಂದನ್ನು ಹೂಡಿತು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ ಎಂಬ ಎಣಿಕೆ ಹೋಗಿ ನೂರು ನಯೇಪೈಸೆಯ ಎಣಿಕೆ ಬಂದಿತು. ಆಗ್ಗೆ ಬೆಳಗಾವಿ ಜಿಲ್ಲೆಯು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿ ಐದೇ ತಿಂಗಳಾಗಿದ್ದಿತು. ಒಂದಾಣೆಗೆ ಆರೂಕಾಲು ನಯೇಪೈಸೆ. ಕಾಲು ಪೈಸೆಯ ನಾಣ್ಯವಾದರೋ ಇಲ್ಲ. ಆ ಕಾಲನ್ನು ಕೊಳ್ಳುವವನು ಬಿಡಬೇಕೆ, ಮಾರುವವನು ಬಿಡಬೇಕೆ? ಕೆಲವು ವರ್ಷಗಳಲ್ಲಿ ಎಲ್ಲವೂ ರೂಢಿಗೆ ಬಂದು ಜನ ಹಳೆಯದನ್ನು ಮರೆತರು. ಆದರೆ ಹಣದ ಆಣೆ ಹೋದರೂ ನೆಲದ ಆಣೆ ಹೋಗಲಿಲ್ಲ. ಖಾನಾಪುರದ ಭತ್ತದ ಗದ್ದೆಗೆ ಇಂದಿಗೂ ಲೆಕ್ಕ ಎಕರೆ, ಗುಂಟೆ, ಆಣೆಗಳಲ್ಲಿಯೇ: ಹದಿನಾರು ಆಣೆಗೆ ಒಂದು ಗುಂಟೆ, ನಾಲ್ವತ್ತು ಗುಂಟೆಗೆ ಒಂದು ಎಕರೆ.

ಗುಂಟೆಯೆಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ನೆಲ. 1,089 ಚದರ ಅಡಿ. ಮುಂಬಯಿ ಇಲಾಖೆಯ ಮೋಜಣಿದಾರರು ಹೊಲದಿಂದ ಹೊಲಕ್ಕೆ ಎಳೆದುಕೊಂಡು ನಡೆದ ಸರಪಳಿಯೂ 33 ಅಡಿಯದೇ. ಅದರ ಮೇಲೆ ಹದಿನಾರು ಆಣೆಗಳ ಗುರುತು. 1956ರಲ್ಲಿ ಬೆಳಗಾವಿ ಜಿಲ್ಲೆಯಿಂದ ಬೇರೆಯಾಗಿ ಮುಂಬಯಿ ರಾಜ್ಯದಲ್ಲಿಯೇ ಉಳಿದ ಚಂದಗಡ ತಾಲೂಕಿನ ಉತಾರಗಳಲ್ಲಿ ಮುಂದೆ ಹೆಕ್ಟೇರು, ಆರ್ ಎಂಬ ದಶಮಾನದ ಅಳತೆ ಬಂದಿತು. ಗಡಿಯ ಈಚೆಗೆ ಮಾತ್ರ ಸರಪಳಿ ತುಕ್ಕು ಹಿಡಿದು ಮೂಲೆ ಸೇರಿದ ಮೇಲೂ ಅದರ ಎಣಿಕೆ ಉತಾರದಲ್ಲಿ ಜೀವದಿಂದಿದೆ.

ಈ ಹಳೆಯ ಎಣಿಕೆಗೂ ಗಣಕಯಂತ್ರಕ್ಕೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ಈಗೀಗ ಅದು ರೈತನ ಕಿಸೆಯನ್ನೂ ಮುಟ್ಟುವಂಥದಾಗಿದೆ.

ಖಾನಾಪುರ ತಾಲೂಕಿನ ಯಾವುದಾದರೊಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಜನರ ಬಾಯಲ್ಲಿ ಅದು ಬರಿಯ 'ಸೊಸೈಟಿ'. 1905ರಲ್ಲಿ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಮೊದಲ ಸಂಘವನ್ನು ಕಟ್ಟಿದಂದಿನಿಂದ ಕಿರ್ದಿ, ಖತಾವಣಿಗಳನ್ನು ಕೈಯಿಂದಲೇ ಬರೆಯುತ್ತ ಬಂದ ವಂಶಕ್ಕೆ ಸೇರಿದ ಸಂಸ್ಥೆ. ಇಂಥ ಸೊಸೈಟಿಗೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಮೊದಲ ಗಣಕಯಂತ್ರ ಬಂದಿರುತ್ತದೆ, ಅದರೊಡನೆ ಎಕ್ಸೆಲ್ ಎಂಬ ಲೆಕ್ಕದ ಹಾಳೆ. ಬೆಳಗಾವಿಯ ತಿಲಕವಾಡಿಯ ಕಡೆಯಲ್ಲಿ ಕಂಪ್ಯೂಟರ್ ಕಲಿತ ಯಾವನೋ ತರುಣನು ನಾಲ್ಕು ರವಿವಾರ ಬಸ್ಸು ಹಿಡಿದು ಬಂದು, ಸೆಕ್ರೆಟರಿಯವರ ಎದುರು ಕುಳಿತು, ಅವರು ಬಾಯಲ್ಲಿ ಹೇಳಿದ ಲೆಕ್ಕದ ಪದ್ಧತಿಯನ್ನೆಲ್ಲ ಯಂತ್ರಕ್ಕೆ ಬರೆದುಕೊಟ್ಟಿರುತ್ತಾನೆ. ಹಾಳೆಯ ಮೂಲೆಯಲ್ಲಿ ಒಂದು ಗುಂಡಿ. ಅದರ ಮೇಲೆ 'ಗೋಷ್ವಾರೆ' ಎಂಬ ಅಕ್ಷರ. ಗುಂಡಿಯನ್ನು ಒತ್ತಿದರೆ ಸಾಕು, ಪ್ರತಿಯೊಬ್ಬ ಖಾತೆದಾರನ ಸರ್ವೆ ನಂಬರುಗಳ ಕ್ಷೇತ್ರ ಕೂಡಿ, ಬೆಳೆಸಾಲ ಎಷ್ಟು ಸಲ್ಲತಕ್ಕದ್ದೆಂಬುದು ಲೆಕ್ಕವಾಗಿ, ಹೆಸರುಗಳು ಅಕಾರಾದಿಯಾಗಿ ನಿಂತುಬಿಡುತ್ತವೆ.

ಗುಂಡಿಯ ಹಿಂದೆ ಅಡಗಿರುವ ಈ ಆಜ್ಞೆಗಳ ಸರಣಿಗೆ ಮ್ಯಾಕ್ರೊ ಎಂದು ಹೆಸರು. 1979ರಲ್ಲಿ ಅಮೇರಿಕೆಯ ಡ್ಯಾನ್ ಬ್ರಿಕ್ಲಿನ್ ಹಾಗೂ ಬಾಬ್ ಫ್ರಾಂಕ್‌ಸ್ಟನ್ ಎಂಬಿಬ್ಬರು ವಿಸಿಕ್ಯಾಲ್ಕ್ ಎಂಬ ಮೊದಲ ಲೆಕ್ಕದ ಹಾಳೆಯನ್ನು ಮಾರುಕಟ್ಟೆಗೆ ತಂದರು. 1983ರಲ್ಲಿ ಲೋಟಸ್ 1-2-3, 1985ರಲ್ಲಿ ಎಕ್ಸೆಲ್ ಬಂದವು. 1993ರಲ್ಲಿ ಎಕ್ಸೆಲ್‌ಗೆ ವಿಷುಯಲ್ ಬೇಸಿಕ್ ಭಾಷೆ ಜೊತೆಗೂಡಿತು. ಅಂದಿನಿಂದ ಪ್ರೋಗ್ರಾಮರ್ ಎನಿಸಿಕೊಳ್ಳದವರೂ, ಶಾಲೆಯ ಮಾಸ್ತರರೂ ಕಚೇರಿಯ ಕಾರಕೂನರೂ ಕೂಡ, ಸಣ್ಣಪುಟ್ಟ ಮ್ಯಾಕ್ರೊಗಳನ್ನು ಬರೆಯತೊಡಗಿದರು. ದೊಡ್ಡ ದೊಡ್ಡ ಗ್ರಂಥಗಳಲ್ಲಿ ಇವುಗಳಿಗೆ ಸ್ಥಾನವಿಲ್ಲ. ಆದರೂ ಊರೂರಿನ ಲೆಕ್ಕ ನಡೆದಿರುವುದು ಇವುಗಳ ಬಲದಿಂದಲೇ ಎಂದರೆ ಅತಿಶಯೋಕ್ತಿಯೇನೂ ಆಗಲಾರದು.

ತರುಣನು ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದನು. ಸೆಕ್ರೆಟರಿಯವರು ನಿವೃತ್ತರಾದರು. ಗುಂಡಿ ಮಾತ್ರ ಉಳಿಯಿತು.

ಆ ಗುಂಡಿಗೆ ಏನೇನು ತಿಳಿದಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಒಬ್ಬ ರೈತನಿಗೆ 1 ಎಕರೆ 30 ಗುಂಟೆಯ ಒಂದು ತುಂಡು, 1 ಎಕರೆ 20 ಗುಂಟೆಯ ಇನ್ನೊಂದು ತುಂಡು ಇದೆಯೆಂದುಕೊಳ್ಳಿ. ಕಾಗದದ ಮೇಲೆ ಕಾರಕೂನರು 1.30, 1.20 ಎಂದು ಚುಕ್ಕೆಯಿಟ್ಟು ಬರೆಯುವುದು ವಾಡಿಕೆ. ಹತ್ತರ ಎಣಿಕೆಯೊಂದನ್ನೇ ಬಲ್ಲ ಎಕ್ಸೆಲ್ ಇವೆರಡನ್ನು ಕೂಡಿ 2.50 ಎಂದು ಹೇಳುತ್ತದೆ. ಸರಿಯಾದ ಉತ್ತರ 3 ಎಕರೆ 10 ಗುಂಟೆ. 2.50 ಎಂಬುದನ್ನು ಯಾರಾದರೂ ಎರಡೂವರೆ ಎಕರೆ ಎಂದು ಓದಿಕೊಂಡರೋ, 30 ಗುಂಟೆ ನೆಲ, ಅಂದರೆ 32,670 ಚದರ ಅಡಿ, ಯಾವ ಖರೀದಿಪತ್ರವೂ ಇಲ್ಲದೆ ಮಾಯವಾಯಿತು! ನೆಲವೇನೋ ಅಲ್ಲಿಯೇ ಇರುತ್ತದೆ. ಅದರ ಮೇಲೆ ಸಿಗಬೇಕಾದ ಸಾಲ ಸಿಗುವುದಿಲ್ಲ. ಆದುದರಿಂದ ಆ ತರುಣನ ಮ್ಯಾಕ್ರೊ ಚುಕ್ಕೆಯ ಎಡಬಲಗಳನ್ನು ಬೇರೆ ಮಾಡಿ, ಎಲ್ಲವನ್ನೂ ಗುಂಟೆಗೆ ಇಳಿಸಿ, ಕೂಡಿ, ನಾಲ್ವತ್ತರಿಂದ ಭಾಗಿಸಿ, ಮರಳಿ ಎಕರೆಗೆ ಏರಿಸುತ್ತದೆ. ಆಣೆಯಿದ್ದರೆ ಮೊದಲು ಹದಿನಾರರ ಲೆಕ್ಕ. ಸೆಕ್ರೆಟರಿಯವರು ಕಣ್ಣು ಮುಚ್ಚಿ ಮಾಡುತ್ತಿದ್ದ ಗಣಿತವೇ ಇದು. ಅವರ ತಲೆಯಿಂದ ಹಾಳೆಗೆ ಇಳಿದಿದೆ, ಅಷ್ಟೆ.

ಇನ್ನೊಂದು ಸೂಕ್ಷ್ಮವುಂಟು. 2.30 ಎಂದು ಬರೆದರೆ ಎಕ್ಸೆಲ್ ಕೊನೆಯ ಸೊನ್ನೆಯನ್ನು ನಿರರ್ಥಕವೆಂದು ಬಗೆದು 2.3 ಎಂದು ಇಟ್ಟುಕೊಳ್ಳುತ್ತದೆ. ಅದು ಮೂವತ್ತು ಗುಂಟೆಯೋ ಮೂರು ಗುಂಟೆಯೋ? ಈ ತೊಡಕನ್ನು ತಪ್ಪಿಸಲು ಹಳಬರು ಆ ಚೌಕದಲ್ಲಿ ಅಂಕಿಯನ್ನು ಅಕ್ಷರವೆಂದೇ ತುಂಬಿಸುತ್ತಿದ್ದರು. ಚುಕ್ಕೆಯ ಬದಲು ಅಡ್ಡಗೀಟು ಹಾಕಿ 3-10 ಎಂದು ಬರೆದರೆ ಆಪತ್ತು ಮತ್ತೊಂದು ಬಗೆಯದು: ಎಕ್ಸೆಲ್ ಅದನ್ನು ಅಕ್ಟೋಬರ್ 3 ಎಂಬ ತಾರೀಖಾಗಿ ಮಾಡಿ, 1900ರಿಂದ ಎಣಿಸಿದ ದಿನಗಳ ಸಂಖ್ಯೆಯಾಗಿ ಒಳಗಿಡುತ್ತದೆ. 2025ರಲ್ಲಿ ಹಾಗೆ ಬರೆದಿದ್ದರೆ ಮೂರು ಎಕರೆ ಹತ್ತು ಗುಂಟೆಯು 45,933 ಆಗಿ ಕುಳಿತಿರುತ್ತದೆ. ಅಮೇರಿಕೆಯ ತಾರೀಖಿನ ಪದ್ಧತಿಯನ್ನು ಇಟ್ಟುಕೊಂಡ ಯಂತ್ರದಲ್ಲಾದರೆ ಅದೇ ಬರಹ ಮಾರ್ಚ್ 10. (ಆ ದಿನಗಳ ಎಣಿಕೆಯಲ್ಲಿ 1900ರ ಫೆಬ್ರುವರಿ 29 ಎಂಬ, ಎಂದೂ ಇಲ್ಲದಿದ್ದ ದಿನವೊಂದು ಸೇರಿಕೊಂಡಿದೆ. ಲೋಟಸ್‌ನಲ್ಲಿದ್ದ ಆ ತಪ್ಪನ್ನು, ಹಳೆಯ ಲೆಕ್ಕಗಳು ಕೆಡಬಾರದೆಂದು ಎಕ್ಸೆಲ್ ಬೇಕೆಂದೇ ಉಳಿಸಿಕೊಂಡಿತು. ದೊಡ್ಡವರ ಮನೆಯಲ್ಲಿಯೂ ಹಳೆಯ ಲೆಕ್ಕದ ಭಯ ಹೀಗಿರುತ್ತದೆ.)

ಹೀಗೆ ನಡೆದುಕೊಂಡು ಬಂದ ಸೊಸೈಟಿಗೆ ಹೊಸ ಯಂತ್ರ ಬರುತ್ತದೆ, ಬರಲೇಬೇಕು. ವಿಂಡೋಸ್ ಎಕ್ಸ್‌ಪಿಗೆ ತಯಾರಕರ ರಕ್ಷಣೆ 2014ರ ಏಪ್ರಿಲ್‌ನಲ್ಲಿಯೇ ನಿಂತಿತು. ವಿಂಡೋಸ್ 10ಕ್ಕೂ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. ಹಳೆಯ ಕಡತವನ್ನು ಹೊಸದರಲ್ಲಿ ತೆರೆದೊಡನೆ ಎದುರಾಗುವ ತೊಡಕುಗಳು ಹಲವು. ಮಿಂಚಂಚೆಯಲ್ಲಿ ಬಂದ ಕಡತವಾದರೆ ಕೆಂಪು ಪಟ್ಟಿಯೊಂದು ಮೂಡಿ ಮ್ಯಾಕ್ರೊ ಓಡುವುದೇ ಇಲ್ಲ. 1999ರ ಮೆಲಿಸ್ಸಾ ಮೊದಲಾದ ಮ್ಯಾಕ್ರೊ ವೈರಸ್ಸುಗಳ ಹಾವಳಿಯನ್ನು ಕಂಡ ತಯಾರಕರು 2022ರಿಂದ ಅಂತರಜಾಲದಿಂದ ಇಳಿದ ಮ್ಯಾಕ್ರೊಗಳನ್ನು ತಾವಾಗಿಯೇ ತಡೆದಿದ್ದಾರೆ. ಕಡತದ ಮೂಲ ತಿಳಿದಿದ್ದರೆ ಆ ಒಂದು ಕಡತಕ್ಕೆ ಮಾತ್ರ ಅನುಮತಿ ಕೊಡುವುದು ಯುಕ್ತ. ಬೇಸರಪಟ್ಟು ಎಲ್ಲ ಮ್ಯಾಕ್ರೊಗಳಿಗೂ ಬಾಗಿಲು ತೆರೆದಿಡುವುದು ತಿಜೋರಿಯ ಬೀಗದ ಕೈಯನ್ನು ಕಟ್ಟೆಯ ಮೇಲೆ ಇಟ್ಟಂತೆ.

ಅದನ್ನು ದಾಟಿದರೆ 64 ಬಿಟ್ಟಿನ ಪ್ರಶ್ನೆ. ಹಿಂದಿನ ಆಫೀಸ್ ತಂತ್ರಾಂಶವು ಸ್ಮೃತಿಯ ವಿಳಾಸಗಳನ್ನು 32 ಬಿಟ್ಟುಗಳಲ್ಲಿ ಬರೆಯುತ್ತಿದ್ದಿತು. 2010ರಲ್ಲಿ 64 ಬಿಟ್ಟಿನ ಆಫೀಸ್ ಬಂದಿತು. 2019ರಿಂದ ಅದೇ ರೂಢಿಯಾಗಿದೆ. ವಿಂಡೋಸ್‌ನ ಒಳಗಿನ ಕೆಲಸಗಳನ್ನು ನೇರವಾಗಿ ಕರೆಯುವ ಹಳೆಯ ಸಾಲುಗಳಿಗೆ ಈಗ 'ಪಿಟಿಆರ್‌ಸೇಫ್' ಎಂಬ ಪದವನ್ನು ಸೇರಿಸಬೇಕು. ವಿಳಾಸವನ್ನು ಹಿಡಿದಿಡುವ 'ಲಾಂಗ್' ಎಂಬ ಪಾತ್ರೆಗಳನ್ನು 'ಲಾಂಗ್‌ಪಿಟಿಆರ್' ಎಂದು ದೊಡ್ಡದು ಮಾಡಬೇಕು. ತಾರೀಖು ಆರಿಸಲು ಹಾಳೆಗೆ ಅಂಟಿಸಿದ್ದ ಪುಟ್ಟ ಕ್ಯಾಲೆಂಡರು 2010ರ ಆವೃತ್ತಿಯಲ್ಲಿಯೇ ಕಾಣೆಯಾಯಿತು. ಕಡತ ಹುಡುಕುವ 'ಫೈಲ್‌ಸರ್ಚ್' ಎಂಬ ಆಜ್ಞೆ 2007ರಲ್ಲಿಯೇ ಹೋಯಿತು. ಕಡತವನ್ನು ಹೊಸ ರೂಪಕ್ಕೆ ಉಳಿಸುವಾಗ ಎಚ್ಚರಿಕೆಯನ್ನು ಓದದೆ ಮುಂದುವರಿದರೆ ಮ್ಯಾಕ್ರೊ ಇಲ್ಲದ ರೂಪಕ್ಕೆ ಉಳಿದು, ಹಾಳೆ ಉಳಿಯುತ್ತದೆ, ವಿದ್ಯೆ ಅಳಿಯುತ್ತದೆ. ಇವೆಲ್ಲ ಅರ್ಧ ದಿನದ ಕೆಲಸ. ಬಲ್ಲವರು ಬೆಳಗಾವಿಯಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ.

ಕನ್ನಡದ ಮಾತೇ ಬೇರೆ. ಹಳೆಯ ಗೋಷ್ವಾರೆಯನ್ನು ಹೊಸ ಯಂತ್ರದಲ್ಲಿ ತೆರೆದಾಗ ಖಾತೆದಾರರ ಹೆಸರಿನ ಜಾಗದಲ್ಲಿ ಇಂಗ್ಲಿಷಿನ ಚಿತ್ರವಿಚಿತ್ರ ಅಕ್ಷರಗಳು, ತಲೆಯ ಮೇಲೆ ಗೀಟು ಚುಕ್ಕೆಗಳನ್ನು ಹೊತ್ತು, ಸಾಲುಗಟ್ಟಿ ನಿಂತಿರುತ್ತವೆ. ಇದಕ್ಕೆ ಕಾರಣ ಆ ಕಾಲದ ಒಂದು ಉಪಾಯ. 1998ರಲ್ಲಿ 'ಬರಹ', ಅನಂತರ ರಾಜ್ಯ ಸರ್ಕಾರದ ಬೆಂಬಲದಿಂದ ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ 'ನುಡಿ' ಬಂದಾಗ, ಗಣಕದ ಒಳಮನೆಯಲ್ಲಿ ಕನ್ನಡಕ್ಕೆ ಸ್ವಂತ ಜಾಗವೆಂಬುದು ಬಳಕೆಗೆ ಬಂದಿರಲಿಲ್ಲ. ಆದುದರಿಂದ ಇಂಗ್ಲಿಷ್ ಅಕ್ಷರಗಳ ಗೂಡುಗಳಲ್ಲಿಯೇ ಕನ್ನಡದ ತುಂಡುಗಳನ್ನು, ಎಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂಡಿಸಿ ಕನ್ನಡವನ್ನು ಮೂಡಿಸಿದರು. ಆ ಉಪಾಯವಿಲ್ಲದಿದ್ದರೆ ನಮ್ಮ ಕಚೇರಿಗಳಲ್ಲಿ ಕನ್ನಡ ಇಪ್ಪತ್ತು ವರ್ಷ ತಡವಾಗಿ ಬರುತ್ತಿತ್ತೆಂಬುದನ್ನು ಮರೆಯಲಾಗದು. ಆದರೆ ಅಕ್ಷರರೂಪದ ಕಡತವು ಆ ಯಂತ್ರದಲ್ಲಿಲ್ಲವಾದರೆ ಕನ್ನಡದ ವೇಷ ಕಳಚಿ ಇಂಗ್ಲಿಷಿನ ಮೈ ಹೊರಬೀಳುತ್ತದೆ. ಯುನಿಕೋಡ್ ಎಂಬ ಜಗತ್ತಿನ ಎಲ್ಲ ಲಿಪಿಗಳ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ವಂತ ಮನೆ ಸಿಕ್ಕಿದ್ದಿತು. ವಿಂಡೋಸ್ ಎಕ್ಸ್‌ಪಿಯೊಡನೆ 2001ರಲ್ಲಿ 'ತುಂಗಾ' ಎಂಬ ಅಕ್ಷರರೂಪವೂ ಬಂದಿತು. ಕಚೇರಿಗಳು ಆ ಮನೆಗೆ ಒಕ್ಕಲಾದದ್ದು ಬಹಳ ನಿಧಾನವಾಗಿ.

ಹಳೆಯ ಬರಹವನ್ನು ಹೊಸದಕ್ಕೆ ತಿರುಗಿಸಲು ಸಿದ್ಧ ಪರಿವರ್ತಕಗಳಿವೆ. ಅವನ್ನು ಬಳಸುವುದೇ ಜಾಣತನ. ಗೂಡಿಗೆ ಗೂಡು, ಅಕ್ಷರಕ್ಕೆ ಅಕ್ಷರ ಬದಲಿಸಿದರಾಯಿತೆಂದು ತಾನೇ ಮ್ಯಾಕ್ರೊ ಬರೆಯಹೊರಟವನು ಅರ್ಕಾವೊತ್ತಿನಲ್ಲಿ ಎಡವುತ್ತಾನೆ. 'ಸರ್ವೆ' ಎಂಬಲ್ಲಿ ಹಳೆಯ ಪದ್ಧತಿಯು ಕಣ್ಣಿಗೆ ಕಾಣುವ ಕ್ರಮದಲ್ಲಿ ಅರ್ಕಾವೊತ್ತನ್ನು ಕೊನೆಗೆ ಇಡುತ್ತದೆ. ಯುನಿಕೋಡ್ ಉಚ್ಚಾರದ ಕ್ರಮದಲ್ಲಿ ರಕಾರವನ್ನು ಮೊದಲು ಇಡುತ್ತದೆ. ತಿರುಗಿಸಿದ ಮೇಲೂ ನಿಶ್ಚಿಂತೆಯಿಲ್ಲ. 'ದೊಡ್ಡಗೌಡ' ಎಂಬ ಹೆಸರಿನ 'ದೊ'ಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎತ್ವ ಮತ್ತು ದೀರ್ಘ ಕೊಂಬುಗಳನ್ನು ಕೂಡಿಸಿ ಎರಡು ಸಂಕೇತವಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಮ್ಯಾಕ್ರೊಗೆ ಅವರು ಇಬ್ಬರು ದೊಡ್ಡಗೌಡರು. ಒಬ್ಬನ ಹೆಸರಿನಲ್ಲಿ ಸಾಲ, ಇನ್ನೊಬ್ಬನ ಹೆಸರಿನಲ್ಲಿ ಮರುಪಾವತಿ! ಕನ್ನಡ, ಮರಾಠಿ ಎರಡೂ ಮಾತು ನಡೆಯುವ ಖಾನಾಪುರದಲ್ಲಿ 'ಪಾಟೀಲ', 'ಪಾಟೀಲ್' ಎಂಬ ಭೇದವೂ ಇದಕ್ಕೆ ಸೇರಿಕೊಳ್ಳುತ್ತದೆ. ಹೆಸರನ್ನು ನಂಬದೆ ಖಾತೆ ನಂಬರನ್ನು ಹಿಡಿದು ಹೊಂದಿಸುವುದೊಂದೇ ಇದಕ್ಕೆ ದಾರಿ.

ವಿಚಿತ್ರವೆಂದರೆ, ಹಾಳೆಯಲ್ಲಿ ಸೊಗಸಾಗಿ ಮೂಡುವ ಯುನಿಕೋಡ್ ಕನ್ನಡವು ಮ್ಯಾಕ್ರೊ ಬರೆಯುವ ಕಿಟಕಿಯಲ್ಲಿ ಇಂದಿಗೂ ಮೂಡುವುದಿಲ್ಲ. 'ಗೋಷ್ವಾರೆ' ಎಂದು ಅಂಟಿಸಿದರೆ ಸಾಲು ಪ್ರಶ್ನಾರ್ಥಕ ಚಿಹ್ನೆಗಳು ಬೀಳುತ್ತವೆ. ವೇಷ ಹಾಕಿದ ಹಳೆಯ ಕನ್ನಡಕ್ಕೆ ಅಲ್ಲಿ ಪ್ರವೇಶವಿದ್ದಿತು. ಸ್ವಂತ ರೂಪದ ಕನ್ನಡಕ್ಕಿಲ್ಲ. 'ಕ' ಎನ್ನಬೇಕಾದರೆ 3221 ಎಂಬ ಸಂಖ್ಯೆಯನ್ನು ಬರೆಯಬೇಕು. ಇದಕ್ಕಿಂತ ಸುಲಭವಾದ ಹಂಚಿಕೆ, ಬೇಕಾದ ಶಿರೋನಾಮೆಗಳನ್ನೆಲ್ಲ ಮರೆಯಲ್ಲಿರಿಸಿದ ಹಾಳೆಯೊಂದರ ಚೌಕಗಳಲ್ಲಿ ಬರೆದಿಟ್ಟು, ಮ್ಯಾಕ್ರೊ ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದು.

ಓದಲಾರದ ಕಡತದ ಸಂಕಟ ಬೆಳಗಾವಿಗೆ ಹೊಸದಲ್ಲ. ಮುಂಬಯಿ ಆಡಳಿತದ ಕಾಲದ ಹಳೆಯ ಕಾಗದಪತ್ರಗಳಲ್ಲಿ ಎಷ್ಟೋ ಮೋಡಿ ಲಿಪಿಯಲ್ಲಿವೆ. ಶಾಯಿ ಮಾಸಿರದಿದ್ದರೂ ಓದಬಲ್ಲವರು ವಿರಳ. ಮೋಡಿ ಆ ಸ್ಥಿತಿಗೆ ಬರಲು ಹಲವು ತಲೆಮಾರು ಬೇಕಾದವು. ಗಣಕದ ಕಡತಕ್ಕೆ ಇಪ್ಪತ್ತು ವರ್ಷ ಸಾಕಾಯಿತು.

ಇಲ್ಲಿಯವರೆಗೆ ಹೇಳಿದವು ಕಣ್ಣಿಗೆ ಕಾಣುವ ತೊಡಕುಗಳು. ಯಂತ್ರ ನಿಂತರೆ ಕಾರಕೂನನು ಬೈಯುತ್ತಾನೆ. ತಪ್ಪು ಹೇಳಿದರೆ ನಂಬುತ್ತಾನೆ. ಭಯಪಡಬೇಕಾದದ್ದು ಈ ಎರಡನೆಯದಕ್ಕೆ. ಅಕ್ಷರವೆಂದು ತುಂಬಿಸಿದ 2.30ರ ಚೌಕದ ಮೂಲೆಯಲ್ಲಿ ಎಕ್ಸೆಲ್ ಹಸಿರು ತ್ರಿಕೋನವನ್ನು ತೋರಿಸಿ, ಇದನ್ನು ಸಂಖ್ಯೆಯಾಗಿ ಮಾಡಲೇ ಎಂದು ವಿನಯದಿಂದ ಕೇಳುತ್ತದೆ. ಹೊಸದಾಗಿ ಬಂದ ಹುಡುಗನು ಹಾಳೆ ಚೊಕ್ಕಟವಾಗಲೆಂದು ಹೂಂ ಎಂದನೋ, ಅದು 2.3 ಆಗಿ, ಮ್ಯಾಕ್ರೊ ಅದನ್ನು ಎರಡೆಕರೆ ಮೂರು ಗುಂಟೆ ಎಂದು ಓದುತ್ತದೆ. ಯಾವ ಗಂಟೆಯೂ ಬಾರಿಸುವುದಿಲ್ಲ. ಇಪ್ಪತ್ತೇಳು ಗುಂಟೆ ಹೋಯಿತು. ಇನ್ನು ಅನನುಭವಿ ಲೇಖಕರಿಗೆ ಪ್ರಿಯವಾದ ಒಂದು ಸಾಲುಂಟು: ತಪ್ಪು ಎದುರಾದರೆ ಲಕ್ಷಿಸದೆ ಮುಂದಿನ ಸಾಲಿಗೆ ನಡೆ ಎಂಬ ಆಜ್ಞೆ. ಹಳೆಯ ಯಂತ್ರದಲ್ಲಿ ಅದು ಸಣ್ಣ ಕಿರುಕುಳವನ್ನು ಮುಚ್ಚುತ್ತಿದ್ದಿರಬೇಕು. ಹೊಸದರಲ್ಲಿ ಇಡೀ ಲೆಕ್ಕವೇ ಬಿದ್ದುಹೋದರೂ ಮುಚ್ಚಿಬಿಡುತ್ತದೆ, ಹಿಂದಿನ ಖಾತೆದಾರನ ಮೊತ್ತವೇ ಮುಂದಿನವನ ಸಾಲಿನಲ್ಲಿ ಬಂದು ಕೂಡುತ್ತದೆ. ದುರಸ್ತಿಗೆ ಕುಳಿತವನು ಮೊದಲು ತೆಗೆಯಬೇಕಾದದ್ದು ಈ ಸಾಲನ್ನೇ.

ಬೆಳಗಾವಿ ನಗರದ ಜಿಲ್ಲಾ ಮಟ್ಟದ ಕಚೇರಿಗಳ ಹಾಳೆಗಳಲ್ಲಿ ಇದೇ ಜಾತಿಯ ಬೇರೆ ಗುಪ್ತರೋಗಗಳಿರಬಲ್ಲವು. ಜಿಲ್ಲೆಗೆ ಹತ್ತು ತಾಲೂಕುಗಳಿದ್ದ ಕಾಲದಲ್ಲಿ ಬರೆದ ಮ್ಯಾಕ್ರೊ ಒಂದರಿಂದ ಹತ್ತರವರೆಗೆ ಎಣಿಸಿ ನಿಲ್ಲುತ್ತದೆ. ಕಿತ್ತೂರು, ನಿಪ್ಪಾಣಿ, ಕಾಗವಾಡ, ಮೂಡಲಗಿ, ಯರಗಟ್ಟಿಗಳು ತಾಲೂಕುಗಳಾದುದು ಅದಕ್ಕೆ ಯಾರೂ ತಿಳಿಸದ ಹೊರತು ಹೇಗೆ ತಿಳಿಯಬೇಕು? 2003ರ ಎಕ್ಸೆಲ್ಲಿನ ಹಾಳೆಗೆ 65,536 ಸಾಲುಗಳು ಮಾತ್ರ. ಕೊನೆಯ ಸಾಲನ್ನು ಹುಡುಕಲು ಮ್ಯಾಕ್ರೊಗಳು ಆ ಸಂಖ್ಯೆಯನ್ನೇ ನಂಬಿದ್ದವು. 2007ರಿಂದ ಸಾಲುಗಳು 10,48,576. ಜಿಲ್ಲೆಯ ಖಾತೆಗಳು 65,536ನ್ನು ದಾಟಿದವೆಂದರೆ ಆಚೆಯವು ಮೊತ್ತಕ್ಕೆ ಸೇರುವುದಿಲ್ಲ. ಹೆಚ್ಚು ಉಪಕಾರ ಮಾಡುವ ತಪ್ಪುಗಳೂ ಇವೆ: 2014ರ ನವೆಂಬರ್ 1ರಂದು ಊರಿನ ಇಂಗ್ಲಿಷ್ ಹೆಸರು ಬೆಲ್ಗಾಮ್ ಹೋಗಿ ಬೆಳಗಾವಿಯೆಂದಾದಾಗ ಹಾಳೆಯ ಹೆಸರನ್ನು ತಿದ್ದಿದವನಿಗೆ, 'ಬೆಲ್ಗಾಮ್' ಎಂಬ ಹಾಳೆ ಸಿಗಲಿಲ್ಲವೆಂದು ಮ್ಯಾಕ್ರೊ ಅಲ್ಲಿಯೇ ಮುಷ್ಕರ ಹೂಡುತ್ತದೆ. ಅಂಥದು ತಾನಾಗಿ ಸಿಕ್ಕಿಬೀಳುತ್ತದೆ. ಸಾಲದ ಮಿತಿಯ ತಪ್ಪು ಹಾಗಲ್ಲ. 2023-24ರ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಆಜ್ಞೆಗಳ ನಡುವೆ 300000 ಎಂದು ಹುದುಗಿ ಕುಳಿತ ಸಂಖ್ಯೆ ಹಾಗೆಯೇ ಇದ್ದರೆ ರೈತನು ಕೊಡಬೇಕಿಲ್ಲದ ಬಡ್ಡಿ ಅವನ ಲೆಕ್ಕಕ್ಕೆ ಬೀಳುತ್ತದೆ. ಇಂಥ ಮಿತಿ, ದರಗಳನ್ನೆಲ್ಲ ಆಜ್ಞೆಗಳಿಂದ ಕಿತ್ತು, ಎಲ್ಲರಿಗೂ ಕಾಣುವಂತೆ ಹಾಳೆಯ ಮೇಲೆಯೇ ಇಡತಕ್ಕದ್ದು.

ಹಾಗಾದರೆ ಹಳೆಯದನ್ನು ಎಸೆದು ಹೊಸ ತಂತ್ರಾಂಶವನ್ನೇ ತರಬಾರದೆ? ಅದೂ ನಡೆದಿದೆ. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರವು ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಒಂದೇ ಬಗೆಯ ತಂತ್ರಾಂಶದ ಕೆಳಗೆ ತರುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಯೋಜನೆ ಸ್ವಾಗತಾರ್ಹವೇ. ಆದರೆ ಹೊಸ ಮನೆಗೆ ಹೋಗುವ ಸಾಮಾನು ಹಳೆಯ ಮನೆಯದೇ ಅಲ್ಲವೆ? ಎಕರೆ-ಗುಂಟೆಗಳು, ಹೆಸರುಗಳು, ಬಾಕಿಗಳು ಹಳೆಯ ಹಾಳೆಯಿಂದಲೇ ಹೊರಡಬೇಕು. ಅಲ್ಲಿ 2.3 ಆಗಿದ್ದ ಹೊಲ ಇಲ್ಲಿ ಮರಳಿ 2.30 ಆಗಲಾರದು.

ಆದಕಾರಣ ದುರಸ್ತಿಯ ಕೆಲಸ ಬರಿಯ ತಾಂತ್ರಿಕ ತರುಣನೊಬ್ಬನ ಕೈಯಲ್ಲಿ ಮುಗಿಯುವಂಥದಲ್ಲ. ಅವನಿಗೆ 'ಪಿಟಿಆರ್‌ಸೇಫ್' ಗೊತ್ತು, ನಾಲ್ವತ್ತು ಗುಂಟೆ ಗೊತ್ತಿಲ್ಲ. ನಿವೃತ್ತ ಸೆಕ್ರೆಟರಿಯವರಿಗೆ ಇದರ ತಿರುವು. ಇಬ್ಬರನ್ನೂ ಒಂದೇ ಮೇಜಿನ ಮುಂದೆ ಕೂಡಿಸಬೇಕು. ಮೂಲ ಕಡತದ ಎರಡು ಪ್ರತಿಗಳನ್ನು ಮುಟ್ಟದೆ ಬೇರೆಡೆ ಇರಿಸಿ, ಒಂದೊಂದು ಸಾಲನ್ನೂ ಓದಿ, "ಕಾಕಾ, ಇಲ್ಲಿ ಹದಿನಾರರಿಂದ ಯಾಕೆ ಭಾಗಿಸ್ಯಾರ?" ಎಂದು ಹುಡುಗನು ಕೇಳಬೇಕು, ಉತ್ತರವನ್ನು ಆ ಸಾಲಿನ ಪಕ್ಕದಲ್ಲಿಯೇ ಟಿಪ್ಪಣಿಯಾಗಿ ಬರೆದಿಡಬೇಕು. ಬದಲಾವಣೆ ಅನಂತರ. ಬದಲಿಸಿದ ಮೇಲೆ, ಈಗಾಗಲೇ ಮುಗಿದುಹೋದ ಒಂದು ಹಂಗಾಮಿನ ಲೆಕ್ಕವನ್ನು ಹಳೆಯ ಯಂತ್ರದಲ್ಲಿಯೂ ಹೊಸದರಲ್ಲಿಯೂ ನಡೆಸಿ ಎರಡು ಗೋಷ್ವಾರೆಗಳನ್ನು ರೂಪಾಯಿಗೆ ರೂಪಾಯಿ, ಗುಂಟೆಗೆ ಗುಂಟೆ ತಾಳೆ ನೋಡಬೇಕು. ಒಟ್ಟು ಮೊತ್ತ ಹೊಂದಿತೆಂದು ಬಿಡಲಾಗದು. ಒಬ್ಬನ ಹೆಚ್ಚು ಇನ್ನೊಬ್ಬನ ಕಡಿಮೆಯಲ್ಲಿ ಮುಚ್ಚಿಹೋಗಿರಬಹುದು. ತೊಡಕಿನ ಖಾತೆಗಳನ್ನೇ, ಎಂದರೆ ಗುಂಟೆಯ ಕೊನೆಗೆ ಸೊನ್ನೆಯಿರುವುದು, ಆಣೆಯಿರುವುದು, ಮೊತ್ತ ಸರಿಯಾಗಿ ನಾಲ್ವತ್ತಕ್ಕೆ ಬಂದು ನಿಲ್ಲುವುದು, ಒಂದೇ ಹೆಸರಿನ ಇಬ್ಬರದು, ಇಂಥವನ್ನೇ ಆರಿಸಿ ಕಾಗದದ ಮೇಲೆ ಕೈಯಿಂದ ಕೂಡಿ ನೋಡುವುದು ಮೇಲು. ಹಳೆಯದೂ ಹೊಸದೂ ಹೊಂದದಿದ್ದಾಗ ಹಳೆಯದೇ ಸರಿಯೆಂದು ಹಟ ಹಿಡಿಯುವುದೂ ತರವಲ್ಲ; ಇಪ್ಪತ್ತು ವರ್ಷದಿಂದ ನಡೆದು ಬಂದ ತಪ್ಪೊಂದು ಆಗಲೇ ಮೊದಲ ಬಾರಿ ಬೆಳಕಿಗೆ ಬರುವುದುಂಟು. ಅದನ್ನು ತಿದ್ದಿದರೆ ಸಾಲದು, ಯಾವ ಯಾವ ಖಾತೆಗೆ ಎಷ್ಟು ವರ್ಷ ಅದು ತಗಲಿತ್ತೆಂಬುದನ್ನು ಬರೆದು ಆಡಳಿತ ಮಂಡಳಿಯ ಮುಂದೆ ಇಡಬೇಕಾಗುತ್ತದೆ.

ತಾಳೆಯಾದ ಮೇಲೂ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಅವಸರ ಬೇಡ. ಜಾಲದ ಸಂಪರ್ಕವನ್ನು ಕಿತ್ತು, ಒಂದು ವರ್ಷದ ಲೆಕ್ಕಪರಿಶೋಧನೆ ಮುಗಿಯುವವರೆಗೆ ಮೂಲೆಯಲ್ಲಿ ಇಟ್ಟಿರುವುದು ಲೇಸು. ಖಾನಾಪುರದ ಮಳೆಗಾಲದ ತೇವದಲ್ಲಿ ಮಾತ್ರ ಅದನ್ನು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಹಚ್ಚಿಡಬೇಕಾಗುತ್ತದೆ.